ಬೂಸ್ಟರ್ ಹಾಕುವ ಮೊದಲು ಮೀಟರ್ ಹಿಡಿಯಿರಿ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು, ಈಗ ಆಕ್ಲೆಂಡ್‌ನಲ್ಲಿದ್ದೇನೆ. ಇಲ್ಲಿ 2004ರ ಮಾಜ್ದಾ ಆರ್‌ಎಕ್ಸ್-8 ಸೆಕೆಂಡ್ ಹ್ಯಾಂಡ್ ತಗೊಂಡೆ. ರೋಟರಿ ಎಂಜಿನ್ (ಪಿಸ್ಟನ್ ಬದಲು ಮೂರು ಮೂಲೆಯ ರೋಟರ್ ತಿರುಗುವಂಥದ್ದು), ಆರು ಗೇರು, 1,30,000 ಕಿ.ಮೀ. ಓಡಿದೆ. 7000 ಆರ್‌ಪಿಎಂ ದಾಟಿದರೆ ಮಿಸ್ ಹೊಡೆಯುತ್ತದೆ. ಪ್ಲಗ್‌ಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್‌ಗಳು ಹಳೆಯವೇ ಇವೆ. 'ವೋಲ್ಟೇಜ್ ಬೂಸ್ಟರ್ ಹಾಕಿ ಕಾಯಿಲ್‌ಗೆ 17 ವೋಲ್ಟ್ ಕೊಡು, ಸರಿಹೋಗುತ್ತದೆ' ಅಂತ ಗೆಳೆಯರೊಬ್ಬರು ಹೇಳುತ್ತಾರೆ. ಹಾಕಲಾ ಸಾರ್?

ಉತ್ತರ: ಬೇಡ. ಯಾಕೆ ಅಂತ ಹೇಳುವ ಮೊದಲು ನನ್ನದೇ ಒಂದು ಪೆದ್ದುತನ ಕೇಳಿ.

ಮೈಸೂರಿನಲ್ಲಿ ನಾನು ಆಟೋ ಎಲೆಕ್ಟ್ರಿಕಲ್ ಕೆಲಸ ಕಲಿಯುತ್ತಿದ್ದ ಕಾಲ. ನನ್ನ ಹತ್ತಿರ ಹಳೇ ಜಾವಾ ಇತ್ತು, 6 ವೋಲ್ಟಿನದು. ಬೆಳಗ್ಗೆ ಕಿಕ್ ಹೊಡೆದು ಹೊಡೆದು ಕಾಲು ಬಿದ್ದುಹೋಗುತ್ತಿತ್ತು. ಒಂದು ದಿನ ತಲೆ ಓಡಿಸಿ 12 ವೋಲ್ಟ್ ಬ್ಯಾಟರಿ ಕಟ್ಟಿದೆ. ಒಂದೇ ಕಿಕ್ಕಿಗೆ ಸ್ಟಾರ್ಟ್! ಯಾದವಗಿರಿಯಿಂದ ಸಯ್ಯಾಜಿರಾವ್ ರಸ್ತೆವರೆಗೆ ರಾಜನ ಹಾಗೆ ಹೋದೆ. ಅಲ್ಲಿ ಗಾಡಿ ನಿಂತಿತು. ಕಾಯಿಲ್ ಮುಟ್ಟಿದರೆ ಕೈ ಸುಟ್ಟಿತು, ಒಳಗಿನ ಡಾಂಬರು ಕರಗಿ ತೊಟ್ಟಿಕ್ಕುತ್ತಿತ್ತು. ಕಾಯಿಲ್ ಕರೆಂಟ್ ಕಡಿಯುವ ಪಾಯಿಂಟ್ ಕಪ್ಪಾಗಿತ್ತು. ವೋಲ್ಟ್ ಎರಡು ಪಟ್ಟು ಆದರೆ ಕರೆಂಟೂ ಎರಡು ಪಟ್ಟು, ಬಿಸಿ ನಾಲ್ಕು ಪಟ್ಟು. ಆ ಲೆಕ್ಕ ನನಗೆ ಪುಸ್ತಕ ಕಲಿಸಲಿಲ್ಲ, ಆ ಡಾಂಬರು ಕಲಿಸಿತು.

ನಿಮ್ಮ ಗಾಡಿಯಲ್ಲೂ ಇದೇ ಕಥೆ, ಸ್ವಲ್ಪ ನಾಜೂಕಾಗಿ. ಕಾಯಿಲ್ ಅಂದರೆ ಕೊಡ ಇದ್ದ ಹಾಗೆ. ನಲ್ಲಿ ತೆರೆದು ತುಂಬಿಸಬೇಕು, ಸರಿಯಾದ ಹೊತ್ತಿಗೆ ಮುಚ್ಚಬೇಕು. ಮುಚ್ಚಿದ ಕ್ಷಣ ಕಿಡಿ ಹಾರುತ್ತದೆ. ಎಷ್ಟು ಹೊತ್ತು ತೆರೆದಿಡಬೇಕು ಅನ್ನುವುದನ್ನು ಗಾಡಿಯ ಕಂಪ್ಯೂಟರ್ ಬ್ಯಾಟರಿ ವೋಲ್ಟೇಜ್ ನೋಡಿ ತೀರ್ಮಾನಿಸುತ್ತದೆ. ಇದಕ್ಕೆ ಡ್ವೆಲ್ ಅನ್ನುತ್ತಾರೆ. ಬೂಸ್ಟರ್ ಕೂರುವುದು ಕಾಯಿಲ್‌ಗೆ ಹೋಗುವ ವೈರಿನಲ್ಲಿ. ಕಂಪ್ಯೂಟರ್‌ಗೆ ಕಾಣುವುದು ಅದೇ 14 ವೋಲ್ಟ್, ಕಾಯಿಲ್‌ಗೆ ಬರುವುದು 17. ಪಾಪ, ಕಂಪ್ಯೂಟರ್ ಹಳೇ ಲೆಕ್ಕದಲ್ಲೇ ನಲ್ಲಿ ತೆರೆದಿಡುತ್ತದೆ.

ಒಂದು ಲೆಕ್ಕ ಹಾಕೋಣ. ಉದಾಹರಣೆಗೆ ಇಂಡಕ್ಟನ್ಸ್ 3 ಮಿಲಿಹೆನ್ರಿ, ರೆಸಿಸ್ಟೆನ್ಸ್ ಅರ್ಧ ಓಮ್ ಇರುವ ಕಾಯಿಲ್ ತಗೊಳ್ಳಿ. 14 ವೋಲ್ಟಿನಲ್ಲಿ 8 ಆಂಪ್ ತುಂಬಲು ಸುಮಾರು 2 ಮಿಲಿಸೆಕೆಂಡ್ ಬೇಕು. ಅಷ್ಟೇ ಹೊತ್ತು 17 ವೋಲ್ಟ್ ಕೊಟ್ಟರೆ 9.7 ಆಂಪ್ ಆಗುತ್ತದೆ. ಕಾಗದದ ಮೇಲೆ ಕಿಡಿಯ ಶಕ್ತಿ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಆದರೆ ಕಾಯಿಲ್ ಒಳಗಿನ ಕಬ್ಬಿಣಕ್ಕೂ ಒಂದು ಮಿತಿ ಇದೆ. ಕೊಡ ತುಂಬಿದ ಮೇಲೆ ಬಿಟ್ಟ ನೀರು ಚೆಲ್ಲಿಯೇ ಹೋಗಬೇಕು, ಇಲ್ಲಿ ಅದು ಬಿಸಿಯಾಗಿ ಚೆಲ್ಲುತ್ತದೆ. ನಿಮ್ಮ ಕಾಯಿಲ್‌ಗಳಲ್ಲಿ ಕರೆಂಟ್ ಕಡಿಯುವ ಇಗ್ನೈಟರ್ ಕೂಡ ಒಳಗೇ ಕೂತಿದೆ. ಮೊದಲು ಸಾಯುವುದು ಅದೇ.

ರೋಟರಿಯ ಕಾಯಿಲ್‌ಗೆ ಮೊದಲೇ ಬಿಡುವಿಲ್ಲ. ಮಾಮೂಲಿ ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ಲಗ್‌ಗೊಂದು ಕಾಯಿಲ್ ಇದ್ದರೆ, ಎರಡು ಸುತ್ತಿಗೆ ಒಂದು ಕಿಡಿ. ನಿಮ್ಮದರಲ್ಲಿ ಶಾಫ್ಟಿನ ಒಂದೊಂದು ಸುತ್ತಿಗೂ ಒಂದು, ನನ್ನ ಜಾವಾದ ಹಾಗೆ. 9000 ಆರ್‌ಪಿಎಂ ಅಂದರೆ ಒಂದೊಂದು ಕಾಯಿಲ್ ಸೆಕೆಂಡಿಗೆ 150 ಸಲ ಕಿಡಿ ಕೊಡುತ್ತದೆ. ಹಳೇ ಕಾಯಿಲ್‌ಗೆ ಬೂಸ್ಟರ್ ಕಟ್ಟುವುದು ಮುದುಕನಿಗೆ ಓಡು ಅಂತ ಚಾಟಿ ಹೊಡೆದ ಹಾಗೆ.

ಹಾಗಾದರೆ ಏನು ಮಾಡಬೇಕು? ಎಂಜಿನ್ ಓಡುತ್ತಿರಲಿ. ಮಲ್ಟಿಮೀಟರಿನ ಕೆಂಪು ಪಿನ್ನು ಬ್ಯಾಟರಿ ಪ್ಲಸ್ಸಿಗೆ, ಕಪ್ಪು ಪಿನ್ನು ಕಾಯಿಲ್‌ಗೆ ಕರೆಂಟ್ ಬರುವ ವೈರಿಗೆ ಹಿಡಿಯಿರಿ. ಮೀಟರ್ ತೋರಿಸುವುದು ದಾರಿಯಲ್ಲಿ ಕಳೆದುಹೋದ ವೋಲ್ಟ್. ಅರ್ಧ ವೋಲ್ಟ್‌ಗಿಂತ ಜಾಸ್ತಿ ಇದ್ದರೆ ವೈರು, ಕನೆಕ್ಟರ್, ರಿಲೇ ನೋಡಿ. ಅರ್ತ್ ಕಡೆಗೂ, ಅಂದರೆ ಕಾಯಿಲ್‌ನ ಅರ್ತ್ ವೈರಿಗೂ ಬ್ಯಾಟರಿ ಮೈನಸ್ಸಿಗೂ ನಡುವೆ, ಹೀಗೇ ಮಾಡಿ. ನಾನು ಮಗಳ ಮನೆಗೆ ನ್ಯೂಜಿಲೆಂಡ್‌ಗೆ ಹೋಗಿದ್ದಾಗ ಪಕ್ಕದ ಮನೆಯವರ ಆರ್‌ಎಕ್ಸ್-8 ನೋಡಿದ್ದೆ. ಅರ್ತ್ ಬೋಲ್ಟಿನ ಕೆಳಗೆ ಹಸಿರು ತುಕ್ಕು, 1.4 ವೋಲ್ಟ್ ಅಲ್ಲೇ ಹೋಗುತ್ತಿತ್ತು. ಉಜ್ಜುವ ಕಾಗದ, ಹತ್ತು ನಿಮಿಷ. ಅವರೂ ಬೂಸ್ಟರ್ ತರಿಸಿಟ್ಟಿದ್ದರು! ಅದನ್ನು ಡಬ್ಬಿ ಸಮೇತ ಮಾರಿದರು.

ವೋಲ್ಟ್ ಸರಿ ಇದ್ದರೆ ನಾಲ್ಕೂ ಕಾಯಿಲ್ (ಎರಡು ರೋಟರ್, ಒಂದೊಂದಕ್ಕೂ ಮೇಲೊಂದು ಕೆಳಗೊಂದು ಪ್ಲಗ್) ಒಟ್ಟಿಗೆ ಹೊಸದು ಹಾಕಿ. ಈ ಮಾಡೆಲ್‌ನಲ್ಲಿ ಕಾಯಿಲ್ ಅಂದರೆ ಬ್ರೇಕ್ ಪ್ಯಾಡ್ ಇದ್ದ ಹಾಗೆ, ಸವೆಯುವ ಸಾಮಾನೇ. ಜೊತೆಗೆ ಪ್ಲಗ್, ಪ್ಲಗ್ ವೈರು. ಕೆಳಗಿನ ಪ್ಲಗ್ ಬೇರೆ, ಮೇಲಿನದು ಬೇರೆ. ಎನ್‌ಜಿಕೆ ಕಂಪನಿಯ ಪ್ಲಗ್‌ನಲ್ಲಿ ಕೆಳಗಿನದು 7ರ ಹೀಟ್ ನಂಬರು (ಬಿಸಿ ತಡೆಯುವ ದರ್ಜೆ), ಮೇಲಿನದು 9ರದು. ಅದಲು ಬದಲು ಮಾಡಬೇಡಿ. ಅಲ್ಲಿಯವರೆಗೆ ಮಿಸ್ ಹೊಡೆಯುವಾಗ ಪಿಕಪ್ ಒತ್ತಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರಿನ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನೇ ಕರಗಿಸುತ್ತದೆ. ಕಾಯಿಲ್‌ಗಿಂತ ಅದೇ ದುಬಾರಿ.

ಬಿಸಿ ಎಂಜಿನ್ ಮತ್ತೆ ಸ್ಟಾರ್ಟ್ ಆಗಲು ಸತಾಯಿಸಿದರೆ ಅದು ಬೇರೆ ರೋಗ, ಕಂಪ್ರೆಷನ್ (ಎಂಜಿನ್ ಒಳಗೆ ಗಾಳಿ ಒತ್ತುವ ಬಲ) ಇಳಿದಿರಬಹುದು. ರೋಟರಿಯ ಕಂಪ್ರೆಷನ್ ಟೆಸ್ಟರ್ ಇರುವವರ ಹತ್ತಿರವೇ ನೋಡಿಸಿ. ರೋಟರಿಗೆ ಮೂರು ಮುಖ, ಮೂರು ನಂಬರು ಬರಬೇಕು. ಮಾಮೂಲಿ ಗೇಜು ಮೂರರಲ್ಲಿ ಚೆನ್ನಾಗಿರುವುದನ್ನು ಮಾತ್ರ ತೋರಿಸಿ ಮೋಸ ಮಾಡುತ್ತದೆ.

ಬೂಸ್ಟರ್ ಸುಮ್ನೆ ಸುಳ್ಳು ಸಾಮಾನು ಅಂತ ನಾನು ಹೇಳುತ್ತಿಲ್ಲ. 1990ರ ದಶಕದ ಮಾಜ್ದಾದ್ದೇ ಟರ್ಬೊ (ಗಾಳಿ ಒತ್ತಿ ತುಂಬುವ) ಆರ್‌ಎಕ್ಸ್-7ರಲ್ಲಿ ಎರಡು ರೋಟರುಗಳ ಕೆಳಗಿನ ಪ್ಲಗ್‌ಗಳಿಗೂ ಒಂದೇ ಕಾಯಿಲ್. ಸುತ್ತಿಗೆ ಎರಡು ಕಿಡಿ. 8000 ಆರ್‌ಪಿಎಂನಲ್ಲಿ ಎರಡು ಕಿಡಿಗಳ ನಡುವೆ 3.75 ಮಿಲಿಸೆಕೆಂಡ್ ಮಾತ್ರ. ಕೊಡ ತುಂಬಲು ಹೊತ್ತೇ ಸಾಲದು, ಮೇಲಿಂದ ಟರ್ಬೊ ಒತ್ತಡಕ್ಕೆ ಕಿಡಿ ಹಾರುವುದೂ ಕಷ್ಟ. ಅಲ್ಲಿ, ಟರ್ಬೊ ಒತ್ತಡ ಏರಿದಾಗ ಮಾತ್ರ ಕೆಲಸ ಮಾಡುವ ಬೂಸ್ಟರ್ ಉಪಯೋಗಕ್ಕೆ ಬರುತ್ತದೆ. ನಿಮ್ಮದಕ್ಕೆ ಟರ್ಬೊ ಇಲ್ಲ, ಪ್ಲಗ್‌ಗೊಂದು ಕಾಯಿಲ್ ಇದೆ.

ಪ್ರಶ್ನೆ: ಒಂದು ರೋಟರಿಗೆ ಎರಡು ಪ್ಲಗ್ ಯಾಕೆ? ಒಂದು ಸತ್ತರೆ ಗೊತ್ತಾಗುತ್ತದಾ? (ಎಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ)

ಉತ್ತರ: ಅಲ್ಲಿ ಬೆಂಕಿ ಹತ್ತುವ ಜಾಗ ದುಂಡಗಿಲ್ಲ, ಉದ್ದಕ್ಕೆ ತೆಳ್ಳಗೆ ಬಾಳೆಲೆ ಹಾಗಿದೆ. ಅದೂ ಓಡುತ್ತಲೇ ಇರುತ್ತದೆ. ಒಂದು ಮೂಲೆಯಲ್ಲಿ ಹಚ್ಚಿದ ಬೆಂಕಿ ಇನ್ನೊಂದು ಮೂಲೆ ಮುಟ್ಟುವುದಿಲ್ಲ. ಕೆಳಗಿನ ಪ್ಲಗ್ ಮುಖ್ಯ ಕೆಲಸ ಮಾಡುತ್ತದೆ, ಮೇಲಿನದು ಸಾಮಾನ್ಯವಾಗಿ ಸ್ವಲ್ಪ ತಡವಾಗಿ ಉಳಿದದ್ದನ್ನು ಹಚ್ಚುತ್ತದೆ. 1991ರಲ್ಲಿ ಫ್ರಾನ್ಸಿನ ಲ ಮಾನ್ಸ್ ರೇಸ್ ಗೆದ್ದ ಮಾಜ್ದಾ 787ಬಿಯಲ್ಲಿ ರೋಟರಿಗೆ ಮೂರು ಪ್ಲಗ್, ನಾಲ್ಕು ರೋಟರಿಗೆ ಹನ್ನೆರಡು. ಕೆಳಗಿನದು ಸತ್ತರೆ ಗಾಡಿ ಎಳೆಯುವುದೇ ಇಲ್ಲ. ಮೇಲಿನದು ಸತ್ತರೆ ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತಿದೆ ಅಂತ ಬಂಕಿನವರನ್ನು ಬೈಯುತ್ತಾ ಓಡಿಸುತ್ತಿರುತ್ತಾರೆ.