ಕಪ್ಪುಕುಳಿಯ ಚಿತ್ರದಿಂದ ಫೋಟಾನಿನ ದ್ರವ್ಯರಾಶಿಯನ್ನು ಪರೀಕ್ಷಿಸಬಹುದೇ?

ವಿರಾಜಪೇಟೆಯಲ್ಲಿದ್ದುಕೊಂಡೇ, ದೂರದರ್ಶಕವಿಲ್ಲದೆ, ಎಂ87 ಗೆಲಾಕ್ಸಿಯ ನಡುವಿನ ಕಪ್ಪುಕುಳಿಯ ಚಿತ್ರದಿಂದ, ಬೆಳಕಿನ ಕಣವಾದ ಫೋಟಾನಿಗೆ ದ್ರವ್ಯರಾಶಿ ಇದೆಯೇ ಎಂದು ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ ಪರೀಕ್ಷಿಸಬಹುದೇ, ಬೆಂಗಳೂರಿಗೇ ಹೋಗಬೇಕೇ ಎಂದು ಕೇಳಿದ್ದೀರಿ. ಮಡಿಕೇರಿ ಸಮೀಪದ ನಮ್ಮ ತೋಟದ ಮನೆಯಲ್ಲಿ ಕುಳಿತು ನಾನು ಆರಿಸಿಕೊಂಡದ್ದೂ ಇದೇ ವಿಷಯ.

2012ರಲ್ಲಿ ಭೌತವಿಜ್ಞಾನಿ ಪಾವೊಲೊ ಪಾನಿ ಮತ್ತು ಸಂಗಡಿಗರು ಮಂಡಿಸಿದ ತರ್ಕ ನನ್ನನ್ನು ಸೆಳೆದಿತ್ತು. ಫೋಟಾನಿಗೆ ಎಳ್ಳಷ್ಟು ದ್ರವ್ಯರಾಶಿ ಇದ್ದರೂ, ತಿರುಗುವ ಕಪ್ಪುಕುಳಿಯ ಸುತ್ತ ಅದರ ಅಲೆಗಳು ಸಿಕ್ಕಿಬಿದ್ದು, ಕುಳಿಯ ಭ್ರಮಣಶಕ್ತಿಯನ್ನೇ ಹೀರಿ ಬೆಳೆದು, ಕೊನೆಗೆ ಅದರ ವೇಗವನ್ನು ತಗ್ಗಿಸಬೇಕು. ವೇಗವಾಗಿ ತಿರುಗುವ ಕುಳಿಗಳು ಇಂದಿಗೂ ಉಳಿದಿವೆಯೆಂದರೆ ಅಂಥ ದ್ರವ್ಯರಾಶಿ ಇರಲಾರದು. ಸೂರ್ಯನ 650 ಕೋಟಿ ಪಟ್ಟು ತೂಗುವ ಎಂ87ರ ಕುಳಿಗೆ ಈ ಲೆಕ್ಕದ ಮಿತಿ 10⁻²⁰ ಇಲೆಕ್ಟ್ರಾನ್ ವೋಲ್ಟಿನ (ಕಣಗಳ ಶಕ್ತಿಯನ್ನೂ ದ್ರವ್ಯರಾಶಿಯನ್ನೂ ಅಳೆಯುವ ಮಾನ) ಆಸುಪಾಸಿಗೆ ಇಳಿಯುತ್ತದೆ.

ನಾನು ಕುಳಿಯ ಸುತ್ತ ನಿರ್ವಾತವಿದೆಯೆಂದು ಭಾವಿಸಿ ಇಡೀ ಲೆಕ್ಕ ಮಾಡಿದೆ. ಪರೀಕ್ಷಕರು ‘ನಿರ್ವಾತ’ ಎಂಬ ಪದಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿ, ‘ಹಾಗಾದರೆ ಚಿತ್ರದಲ್ಲಿ ಹೊಳೆಯುತ್ತಿರುವುದೇನು?’ ಎಂದಷ್ಟೇ ಬರೆದರು. ಹೊಳೆಯುತ್ತಿರುವುದು ಪ್ಲಾಸ್ಮಾ, ಅಂದರೆ ಇಲೆಕ್ಟ್ರಾನುಗಳು ಬಿಡಿಯಾಗಿ ಓಡಾಡುವ ಕಾದ ಅನಿಲ. ಅದರೊಳಗೆ ಬೆಳಕು ತನಗೆ ದ್ರವ್ಯರಾಶಿ ಇದ್ದಂತೆಯೇ ವರ್ತಿಸುತ್ತದೆ: ಘನ ಸೆಂಟಿಮೀಟರಿಗೆ ಒಂದೇ ಒಂದು ಇಲೆಕ್ಟ್ರಾನ್ ಇದ್ದರೂ ಆ ತೋರಿಕೆಯ ದ್ರವ್ಯರಾಶಿ ಸುಮಾರು 4×10⁻¹¹ ಇಲೆಕ್ಟ್ರಾನ್ ವೋಲ್ಟ್, ಅಂದರೆ ನಾನು ಹುಡುಕುತ್ತಿದ್ದ ಮಿತಿಯ ನೂರಾರು ಕೋಟಿ ಪಟ್ಟು. ಕುಳಿಯ ಬಳಿಯ ಅನಿಲವಂತೂ ಅದಕ್ಕಿಂತ ಬಹಳ ದಟ್ಟವಾಗಿದೆ. ಕೆಸರುಗದ್ದೆಯಲ್ಲಿ ಹೆಜ್ಜೆ ಭಾರವಾದರೆ ನಡೆಯುವವನ ತೂಕ ಹೆಚ್ಚಿತೆಂದಲ್ಲ. ನಾನು ಕೆಸರನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಪ್ರಬಂಧ ಹಿಂದಕ್ಕೆ ಬಂತು, ಆ ವರ್ಷದ ಪಿಎಚ್.ಡಿ. ಪ್ರವೇಶವೂ ತಪ್ಪಿತು.

ಊರು ಬಿಡುವ ಮಾತೇ ಬೇಡ. ಆ ಚಿತ್ರ ತೆಗೆದ ಇವೆಂಟ್ ಹೊರೈಜನ್ ದೂರದರ್ಶಕ ಜಾಲದ 2017ರ ದತ್ತಾಂಶ ಎಲ್ಲರಿಗೂ ಮುಕ್ತವಾಗಿದೆ. ಆದರೆ ನಿಮ್ಮ ಪ್ರಶ್ನೆಗೆ ಆ ಚಿತ್ರ ತಕ್ಕ ಸಾಧನವಲ್ಲ, ಏಕೆಂದರೆ ಪ್ಲಾಸ್ಮಾದ ತೊಡಕಿನ ಜೊತೆಗೆ, ಪಾನಿಯವರ ತರ್ಕಕ್ಕೆ ಬೇಕಾದ ಭ್ರಮಣವೇಗವೇ ಎಂ87ರ ವಿಷಯದಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಅದರ ಬದಲು, ಬೆಳಕಿನ ವೇಗ ಅದರ ಶಕ್ತಿಯನ್ನು ಅವಲಂಬಿಸಿದೆಯೇ ಎಂಬ ಪ್ರಶ್ನೆಯನ್ನು ಎತ್ತಿಕೊಳ್ಳಿ. ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾಗಿ ಕಪ್ಪುಕುಳಿ ಹುಟ್ಟುವಾಗ ಸಂಭವಿಸುತ್ತವೆಂದು ನಂಬಲಾದ ಗಾಮಾ ಕಿರಣ ಸ್ಫೋಟಗಳಲ್ಲಿ 2009ರ ಮೇ 10ರದ್ದನ್ನು ನೋಡಿ: 730 ಕೋಟಿ ವರ್ಷ ಪಯಣಿಸಿದ ಮೇಲೂ 31 ಗಿಗಾ ಇಲೆಕ್ಟ್ರಾನ್ ವೋಲ್ಟಿನ ಫೋಟಾನು ಸ್ಫೋಟದ ಉಳಿದ ಬೆಳಕಿನಿಂದ 0.9 ಸೆಕೆಂಡಿನೊಳಗೇ ಬಂದು ಮುಟ್ಟಿತು. ಅಷ್ಟು ಶಕ್ತಿಯಲ್ಲಿ ಪ್ಲಾಸ್ಮಾದ ತೊಡಕು ನಗಣ್ಯ. ಆ ಸ್ಫೋಟವನ್ನು ದಾಖಲಿಸಿದ ಫರ್ಮಿ ಉಪಗ್ರಹದ ಕಡತಗಳೂ ಉಚಿತವಾಗಿ ಸಿಗುತ್ತವೆ. ನಮ್ಮಲ್ಲಿ ಮಳೆ ಹಿಡಿದರೆ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವುದರಿಂದ ಮೇ ತಿಂಗಳೊಳಗೇ ಇಳಿಸಿಟ್ಟುಕೊಳ್ಳಿ.