ಮಹಾವ್ಯಾಧ ನೀಹಾರಿಕೆ ಬೂದು ಮಚ್ಚೆಯಂತೆ ಏಕೆ ಕಾಣುತ್ತದೆ?

ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದಲ್ಲಿರುವ ಈ ನೀಹಾರಿಕೆ, ಅಂದರೆ ಅನಿಲ ಮತ್ತು ಧೂಳಿನ ಮೋಡ, ಚಿತ್ರಗಳಲ್ಲಿ ಗುಲಾಬಿಯಾಗಿರುತ್ತದೆ. 70 ಮಿ.ಮೀ. ದೂರದರ್ಶಕದಲ್ಲಿ ಆ ಬಣ್ಣ ಕಾಣದಿರುವುದಕ್ಕೆ ಕಾರಣ ಬಹುತೇಕ ಮಸೂರವಲ್ಲ, ಕಣ್ಣು. ಮಂದ ಬೆಳಕಿನಲ್ಲಿ ಕೆಲಸ ಮಾಡುವ, ಅಕ್ಷಿಪಟಲದಲ್ಲಿನ ದಂಡಕೋಶಗಳಿಗೆ ಬಣ್ಣ ತಿಳಿಯುವುದಿಲ್ಲ. ನೀವು ನೋಡಿದ ಚಿತ್ರಗಳಲ್ಲಿ ಕ್ಯಾಮೆರಾ ಬಹಳ ಹೊತ್ತು ಬೆಳಕನ್ನು ಕೂಡಿಹಾಕಿರುತ್ತದೆ. ಗುಲಾಬಿಯ ಆಸೆ ಬಿಡಿ. ಆಕಾರವನ್ನು ಇನ್ನೂ ಚೆನ್ನಾಗಿ ಕಾಣಬಹುದು.

ಜನವರಿಯಲ್ಲಿ ಅಮಾವಾಸ್ಯೆಯ ಆಸುಪಾಸು, ರಾತ್ರಿ 9ರ ನಂತರ, ಬೀದಿದೀಪ ಕಣ್ಣಿಗೆ ಬೀಳದ ಜಾಗಕ್ಕೆ ಹೋಗಿ. ಮೊಬೈಲ್ ಜೇಬಿನಲ್ಲಿಟ್ಟು 20 ನಿಮಿಷ ಕತ್ತಲಲ್ಲೇ ಇರಿ; ಎಲ್ಲರೂ ತಪ್ಪಿಸುವ ಹಂತ ಇದೇ. ಮಹಾವ್ಯಾಧನ ಸಾಲಾಗಿರುವ ಮೂರು ನಕ್ಷತ್ರಗಳ ನಡುಪಟ್ಟಿಯಿಂದ ದಕ್ಷಿಣಕ್ಕೆ ಇಳಿದು, ಮೊದಲು 25 ಮಿ.ಮೀ. ನೇತ್ರಮಸೂರದಿಂದ (ಕಣ್ಣಿಟ್ಟು ನೋಡುವ ಐಪೀಸ್) ಮಚ್ಚೆಯನ್ನು ಹಿಡಿಯಿರಿ. ನೇರವಾಗಿ ದಿಟ್ಟಿಸದೆ ತುಸು ಪಕ್ಕಕ್ಕೆ ನೋಡಿದರೆ ರೆಕ್ಕೆಗಳಂತಹ ಚಾಚುಗಳು ಮೂಡುತ್ತವೆ. ಕೆಲವರಿಗೆ ನಸುಹಸಿರು ಛಾಯೆ ಕಾಣುತ್ತದೆ. ನಿಮಗೆ ಕಂಡೀತೆಂದು ಖಚಿತವಾಗಿ ಹೇಳಲಾರೆ.

ಬಳಿಕ 10 ಮಿ.ಮೀ. ನೇತ್ರಮಸೂರ ಹಾಕಿ. ನಡುವೆ ಒತ್ತಾಗಿ ನಾಲ್ಕು ಚುಕ್ಕೆಗಳಿವೆ, ಅದೇ ಟ್ರಪೀಜಿಯಂ. ಸುಮಾರು 1,300 ಜ್ಯೋತಿರ್ವರ್ಷ ದೂರದ ಆ ಅನಿಲವನ್ನು ಬೆಳಗಿಸುತ್ತಿರುವುದು ಮುಖ್ಯವಾಗಿ ಈ ಎಳೆಯ ನಕ್ಷತ್ರಗಳೇ. ಅವು ನಾಲ್ಕಾಗಿ ಬಿಡಿಸಿ ಕಂಡರೆ ನಿಮ್ಮ ದೂರದರ್ಶಕ ಸರಿಯಾಗಿದೆ. ಗಾಳಿ ನಿಶ್ಚಲವಾಗಿದ್ದ ರಾತ್ರಿಯೂ ಒಂದೇ ಗುಡ್ಡೆಯಾಗಿ ಕಂಡರೆ ಮಾತ್ರ ಫೋಕಸ್ ಪರೀಕ್ಷಿಸಿ, ಮಸೂರದಲ್ಲಿ ಇಬ್ಬನಿ ಕೂತಿದೆಯೇ ನೋಡಿ.