ಮನೆಯಲ್ಲಿ ಮಾಡಿದ ಜಿಂಕ್ ಸನ್‌ಸ್ಕ್ರೀನ್ ವಾರದಲ್ಲೇ ನೀರು ಬಿಡುತ್ತಿದೆ, ಹಚ್ಚಿದರೆ ಬಿಳಿ ಬಿಳಿ. ಯಾವ ಎಮಲ್ಸಿಫೈಯರ್ ಹಾಕಲಿ?

ಎಮಲ್ಸಿಫೈಯರ್, ಅಂದರೆ ಎಣ್ಣೆ-ನೀರು ಬೇರೆಯಾಗದಂತೆ ಹಿಡಿದಿಡುವ ಪದಾರ್ಥ, ಅದನ್ನು ಮುಟ್ಟಲೇಬೇಡಿ. ನೀವು ಕೊಟ್ಟ ಪಟ್ಟಿಯಲ್ಲಿ ತೆಂಗಿನೆಣ್ಣೆ, ಮೇಣದಂಥ ಸೆಟೈಲ್ ಆಲ್ಕೋಹಾಲ್, ಕ್ರೀಮು ಗಟ್ಟಿ ಮಾಡುವ ಕಾರ್ಬೊಮರ್ ಜೆಲ್, ಕೆಡದಂತೆ ಕಾಯುವ ಸೋಡಿಯಂ ಬೆಂಜೊಯೇಟ್, ನೂರಕ್ಕೆ 15 ಪಾಲು ಜಿಂಕ್ ಆಕ್ಸೈಡ್ ಇದೆ. ಕೊನೆಯಲ್ಲಿ ‘ಪಿಎಚ್ 5.5ಕ್ಕೆ ಬರುವಷ್ಟು ಸಿಟ್ರಿಕ್ ಆಸಿಡ್’ ಅಂತ ಬರೆದಿದ್ದೀರಲ್ಲ (ಪಿಎಚ್ ಅಂದರೆ ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕಡಿಮೆ ಇದ್ದರೆ ಹುಳಿ), ರೋಗ ಇರುವುದು ಅಲ್ಲಿ.

ಹೆಚ್ಚುಕಡಿಮೆ ಇದೇ ಪಟ್ಟಿ ಇಟ್ಟುಕೊಂಡು ನಾನು ತುಮಕೂರಿನಲ್ಲಿ ಕೈ ಸುಟ್ಟುಕೊಂಡೆ. ಸೋಪು, ಬಾಡಿ ಲೋಷನ್ ಮಾಡುವ ಸಣ್ಣ ಶೆಡ್ಡು ನಮ್ಮದು. ಲೈಸೆನ್ಸ್ ಇತ್ತು, ಎಣ್ಣೆ-ನೀರನ್ನು ಜೋರಾಗಿ ಕಲಸುವ ಒಂದು ಹಳೇ ಯಂತ್ರ, ಹೋಮೋಜಿನೈಸರ್, ಇತ್ತು. ಲೋಷನ್ ಚೆನ್ನಾಗಿ ಓಡುತ್ತಿತ್ತು. ಅಂಗಡಿಯವರೆಲ್ಲ ಸನ್‌ಸ್ಕ್ರೀನ್ ಕೇಳತೊಡಗಿದರು. ಓಡುತ್ತಿರುವ ಲೋಷನ್ನಿಗೇ ಜಿಂಕ್ ಸುರಿದರೆ ಮುಗಿಯಿತಲ್ಲ ಅಂತ ಸುರಿದೆ. ಜಿಂಕ್ ಅಂದರೆ ಟಾಲ್ಕಮ್ ಥರ ಸುಮ್ನೆ ಕೂತಿರುವ ಬಿಳಿ ಪುಡಿ ಅಂತ ತಿಳಿದಿದ್ದೆ.

ಅದು ಸುಮ್ನೆ ಕೂರುವುದಿಲ್ಲ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ನನ್ನ ದುಡ್ಡು ಹೋಗಿದ್ದು ಇದರಲ್ಲೇ.

ಜಿಂಕ್ ಆಕ್ಸೈಡ್ ಒಂದು ಕ್ಷಾರ. ಆಸಿಡ್ ಸಿಕ್ಕರೆ ಅದನ್ನು ತಿನ್ನುತ್ತದೆ, ತಾನೂ ಸ್ವಲ್ಪ ಕರಗುತ್ತದೆ. ಸಂಜೆ ಸಿಟ್ರಿಕ್ ಹಾಕಿ ನೋಡಿದರೆ ಮೀಟರ್ 5.5 ತೋರಿಸುತ್ತಿತ್ತು. ಬೆಳಗ್ಗೆ ಅದೇ ಕ್ರೀಮು 7ರ ಹತ್ತಿರ. ಮೀಟರ್ ಕೆಟ್ಟಿದೆ ಅಂದುಕೊಂಡು ಪಿಎಚ್ ಮೊದಲೇ ಗೊತ್ತಿರುವ ಹೊಸ ಬಫರ್ ದ್ರಾವಣ ತಂದು ಮೀಟರನ್ನು ಅದಕ್ಕೆ ಹೊಂದಿಸಿ ನೋಡಿದೆ. ಮೀಟರ್ ಸರಿಯಾಗೇ ಇತ್ತು. ಮತ್ತೆ ಸಿಟ್ರಿಕ್ ಹಾಕಿದೆ, ಮತ್ತೆ ಏರಿತು. ಹಾಕಿದಷ್ಟೂ ಜಿಂಕ್ ಕರಗಿ ಅದರ ಅಯಾನುಗಳು, ಅಂದರೆ ವಿದ್ಯುತ್ ಹೊತ್ತ ಕಣಗಳು, ನೀರಿಗೆ ಬರುತ್ತಿದ್ದವು. ನಾನು ಪಿಎಚ್ ಸರಿ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ನಿಜಕ್ಕೂ ಮಾಡುತ್ತಿದ್ದದ್ದು ಕ್ರೀಮಿಗೆ ಉಪ್ಪು ಹಾಕುವ ಕೆಲಸ.

ಉಪ್ಪು ಕಂಡರೆ ಕಾರ್ಬೊಮರ್‌ಗೆ ಆಗುವುದಿಲ್ಲ. ಅದರ ಉದ್ದದ ಎಳೆಗಳ ಮೇಲೆ ಋಣ ವಿದ್ಯುತ್ ಇರುತ್ತದೆ. ಎಳೆಗಳು ಒಂದನ್ನೊಂದು ದೂರ ತಳ್ಳಿಕೊಂಡು ಹರಡಿ ನಿಂತಿರುವುದರಿಂದಲೇ ಜೆಲ್ ಗಟ್ಟಿಯಾಗಿರುತ್ತದೆ. ಜಿಂಕ್ ಅಯಾನಿಗೆ ಎರಡು ಧನ ವಿದ್ಯುತ್. ಒಂದೊಂದು ಕೈಯಲ್ಲಿ ಒಂದೊಂದು ಎಳೆ ಹಿಡಿದು ಹತ್ತಿರ ಎಳೆಯುತ್ತದೆ. ಬಲೆ ಕುಗ್ಗುತ್ತದೆ, ನೀರು ಹೊರಗೆ ಬರುತ್ತದೆ. ಹಾಲಿಗೆ ನಿಂಬೆಹಣ್ಣು ಹಿಂಡಿದ ಹಾಗೆ, ಆದರೆ ನಿಧಾನಕ್ಕೆ, ವಾರಗಟ್ಟಲೆ. ಬಲೆ ಹೋದ ಮೇಲೆ ಜಿಂಕನ್ನು ಎತ್ತಿ ಹಿಡಿಯುವವರು ಯಾರು? ಅದರ ಸಾಂದ್ರತೆ ನೀರಿನ ಐದೂವರೆ ಪಟ್ಟಿಗಿಂತ ಜಾಸ್ತಿ. ತಳಕ್ಕೆ ಇಳಿದು ಸುಣ್ಣದ ಬಿಲ್ಲೆಯಂತೆ ಕೂರುತ್ತದೆ.

ಮೂರನೆಯ ಏಟು ಪ್ರಿಸರ್ವೇಟಿವ್‌ದು. ಸೋಡಿಯಂ ಬೆಂಜೊಯೇಟ್ ಕೆಲಸ ಮಾಡುವುದು ಬೆಂಜೊಯಿಕ್ ಆಸಿಡ್ ರೂಪದಲ್ಲಿ. ಅದಕ್ಕೆ ಪಿಎಚ್ 5ರ ಕೆಳಗಿರಬೇಕು. ಪಿಎಚ್ 7ರಲ್ಲಿ ಆ ರೂಪ ನೂರರಲ್ಲಿ ಒಂದು ಪಾಲೂ ಉಳಿದಿರುವುದಿಲ್ಲ. ಅಂದರೆ ನಮ್ಮ ಕ್ರೀಮಿನಲ್ಲಿ ಪ್ರಿಸರ್ವೇಟಿವ್ ಇದ್ದೂ ಇರಲಿಲ್ಲ. ಏಪ್ರಿಲ್‌ನಲ್ಲಿ ರಾಯಚೂರಿಗೆ ಮಾಲು ಕಳಿಸಿದ್ದೆ. ಅಲ್ಲಿಯ ಬಿಸಿಲು ಗೊತ್ತಲ್ವಾ, 40 ಡಿಗ್ರಿ ದಾಟುತ್ತದೆ. ವಾಪಸ್ ಬಂದ ಡಬ್ಬಿ ತೆರೆದರೆ ಮೇಲೆ ಹಳದಿ ನೀರು, ಕೆಳಗೆ ಬಿಲ್ಲೆ, ಮುಚ್ಚಳದ ಒಳಸುತ್ತಿನಲ್ಲಿ ಕಪ್ಪು ಬೂಸ್ಟು. ದುಡ್ಡು ವಾಪಸ್ ಕೊಟ್ಟೆ. ಆ ಅಂಗಡಿಯವರು ಆಮೇಲೆ ನಮ್ಮ ಲೋಷನ್ ಕೂಡ ಇಡಲಿಲ್ಲ.

ಇಷ್ಟಾದರೂ ನನಗೆ ಅನುಮಾನ ಬಂದದ್ದು ಎಮಲ್ಸಿಫೈಯರ್ ಮೇಲೇ. ಜಾಸ್ತಿ ಹಾಕಿದೆ, ಮೇಣ ಸೇರಿಸಿದೆ. ಕ್ರೀಮು ಗಟ್ಟಿಯಾಯಿತು, ಹಚ್ಚಿದರೆ ಚರ್ಮ ಎಳೆಯತೊಡಗಿತು. ಬಿಳಿ ಬಣ್ಣ ಹುಬ್ಬಿನಲ್ಲಿ, ಗಡ್ಡದಲ್ಲಿ ಸಿಕ್ಕಿಕೊಳ್ಳುತ್ತಿತ್ತು. ನೀವೀಗ ನಿಂತಿರುವುದು ಇಲ್ಲೇ ಅನ್ನಿಸುತ್ತದೆ.

‘ಚರ್ಮದ ಪಿಎಚ್ 5.5, ಹಾಗಾಗಿ ಕ್ರೀಮೂ 5.5 ಇರಬೇಕು’ ಅನ್ನುವುದು ಇನ್‌ಸ್ಟಾಗ್ರಾಮ್ ಮಾತು. ನಾವು ಬಳಸುವ ಸೋಪಿನ ಪಿಎಚ್ 9ರಿಂದ 10 ಇರುತ್ತದೆ, ಅದರಲ್ಲಿ ಜನ ದಿನಾ ಸ್ನಾನ ಮಾಡುತ್ತಾರೆ. ಜಿಂಕ್ ಕ್ರೀಮನ್ನು 7ರಿಂದ 7.5ರಲ್ಲಿ ಬಿಟ್ಟುಬಿಡಿ. ಸಿಟ್ರಿಕ್ ತೆಗೆಯಿರಿ. ಕಾರ್ಬೊಮರ್ ಜಾಗಕ್ಕೆ ಕ್ಸಾಂತನ್ ಗಮ್ ತನ್ನಿ. ನಿಂತಾಗ ಗಟ್ಟಿ, ಉಜ್ಜಿದಾಗ ತೆಳು, ಅದರ ಗುಣವೇ ಹಾಗೆ. ನಮಗೆ ಬೇಕಾದ್ದೂ ಅದೇ. ಬೆಂಜೊಯೇಟ್ ಬಿಟ್ಟು ಫೀನಾಕ್ಸಿಎಥನಾಲ್ ಹಾಕಿ, ನೂರಕ್ಕೆ 1 ದಾಟಬಾರದು. ಸ್ಟಿಯರಿಕ್ ಆಸಿಡ್ ಇರುವ ವ್ಯಾನಿಶಿಂಗ್ ಕ್ರೀಮ್ ಬೇಸ್ ಬಳಸುವ ಆಸೆ ಬಂದರೆ ಅದನ್ನೂ ಬಿಡಿ. ಜಿಂಕ್ ಜೊತೆ ಸೇರಿ ಜಿಂಕ್ ಸ್ಟಿಯರೇಟ್ ಆಗಿ ಕಾಳುಕಾಳಾಗುತ್ತದೆ.

ಇನ್ನು ಹರಡುವ ವಿಷಯ. ‘ನೀರು ಜಾಸ್ತಿ ಮಾಡಿದರೆ ಸುಲಭವಾಗಿ ಹರಡುತ್ತದಾ?’ ಅಂತ ಕೇಳಿದ್ದೀರಿ. ಇಲ್ಲ. ಗಾಜಿನ ಸ್ಲೈಡಿನ ಮೇಲೆ ಒಂದು ಚೂರು ಕ್ರೀಮ್ ಇಟ್ಟು, ಬೆರಳಿನಿಂದ ಒಮ್ಮೆ ತೆಳ್ಳಗೆ ಎಳೆದು, ಕಿಟಕಿಯ ಬೆಳಕಿಗೆ ಹಿಡಿಯಿರಿ. ಒಂದೇ ಸಮನೆ ಮಬ್ಬಾಗಿದ್ದರೆ ಸರಿ. ಬಿಳಿ ಚುಕ್ಕಿಗಳು, ನಡುನಡುವೆ ಖಾಲಿ ಗಾಜು ಕಂಡರೆ ಜಿಂಕ್ ಇನ್ನೂ ಗಂಟಾಗಿಯೇ ಇದೆ ಅಂತ ಅರ್ಥ. ಆ ಗಂಟೇ ಬಿಳಿಯಾಗಿ ಕಾಣುವುದು, ಆ ಗಂಟೇ ಚರ್ಮ ಎಳೆಯುವುದು. ಖಾಲಿ ಜಾಗದಲ್ಲಿ ಬಿಸಿಲು ನೇರ ಚರ್ಮಕ್ಕೆ ಬೀಳುತ್ತದೆ. ಅಡುಗೆಮನೆಯ ಹ್ಯಾಂಡ್ ಬ್ಲೆಂಡರಿಗೆ ಈ ಗಂಟು ಬಿಡಿಸುವ ಶಕ್ತಿ ಇಲ್ಲ. ನನ್ನ ಹಳೇ ಹೋಮೋಜಿನೈಸರಿಗೂ ಇರಲಿಲ್ಲ.

ಅದಕ್ಕೇ ಒಣ ಪುಡಿ ಕೊಳ್ಳಬೇಡಿ. ಮೇಲ್ಮೈಗೆ ಲೇಪನ ಕೊಟ್ಟು, ಮೊದಲೇ ಎಣ್ಣೆಯಲ್ಲಿ ಅರೆದಿಟ್ಟ ಜಿಂಕ್ ಡಿಸ್ಪರ್ಷನ್ ಸಿಗುತ್ತದೆ. ದುಬಾರಿ, ಆದರೂ ಅದನ್ನೇ ತನ್ನಿ. ತೆಂಗಿನೆಣ್ಣೆ ಬದಲು ಕ್ಯಾಪ್ರಿಲಿಕ್ ಕ್ಯಾಪ್ರಿಕ್ ಟ್ರೈಗ್ಲಿಸರೈಡ್, ಸಿ12-15 ಆಲ್ಕೈಲ್ ಬೆಂಜೊಯೇಟ್ ಥರದ, ದ್ರವವಾಗಿಯೇ ಉಳಿಯುವ ಎಣ್ಣೆ ಹಾಕಿ. ತೆಂಗಿನೆಣ್ಣೆ 25 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಚಳಿಗಾಲದ ಕ್ರೀಮು ಒಂದು ಥರ, ಬೇಸಿಗೆಯದು ಇನ್ನೊಂದು ಥರ ಆಗುತ್ತದೆ.

ನನ್ನನ್ನು ಕೇಳಿದರೆ ಎಮಲ್ಷನ್ನನ್ನೇ, ಅಂದರೆ ಎಣ್ಣೆ-ನೀರಿನ ಬೆರಕೆಯನ್ನೇ, ತಿರುಗಿಸಿ. ಎಣ್ಣೆ ಹೊರಗೆ, ನೀರು ಒಳಗೆ. ಲೇಪನವಿರುವ ಜಿಂಕ್ ಎಣ್ಣೆಯಲ್ಲೇ ಉಳಿಯುತ್ತದೆ, ನೀರಿನ ತಂಟೆಗೆ ಹೆಚ್ಚು ಹೋಗುವುದಿಲ್ಲ. ಇಲ್ಲಿ ಉಪ್ಪು ಶತ್ರುವಲ್ಲ, ನೂರಕ್ಕೆ ಅರ್ಧದಿಂದ ಒಂದು ಪಾಲು ಮೆಗ್ನೀಸಿಯಂ ಸಲ್ಫೇಟ್ ನೀರಿಗೆ ಹಾಕಿದರೆ ಕ್ರೀಮು ಇನ್ನೂ ಗಟ್ಟಿ ನಿಲ್ಲುತ್ತದೆ. ಎಮಲ್ಸಿಫೈಯರ್ ಬೇರೆಯದೇ ಬೇಕು, ಪಾಲಿಗ್ಲಿಸರಿಲ್ ಜಾತಿಯದು. ನೀರನ್ನು ಸಣ್ಣ ಧಾರೆಯಲ್ಲಿ, ತಿರುಗಿಸುತ್ತಾ ಹಾಕಿ. ಅವಸರ ಮಾಡಿ ಸುರಿದರೆ ಅಲ್ಲೇ ಒಡೆಯುತ್ತದೆ. ಸ್ವಲ್ಪ ಜಿಡ್ಡು ಅನ್ನಿಸುತ್ತದೆ ನಿಜ, ಆದರೆ ಬೆವರಿಗೆ ಬೇಗ ಹೋಗುವುದಿಲ್ಲ.

ಬಿಳಿ ಬಣ್ಣ ಪೂರ್ತಿ ಹೋಗಲಾಡಿಸಲು ಒದ್ದಾಡಬೇಡಿ. ಹಳದಿ, ಕೆಂಪು, ಒಂದು ಚಿಟಿಕೆ ಕಪ್ಪು ಐರನ್ ಆಕ್ಸೈಡ್ ಸೇರಿಸಿ ನಮ್ಮ ಮೈಬಣ್ಣಕ್ಕೆ ತನ್ನಿ. ಬಂಗು ಇರುವವರಿಗೆ ಇದರಿಂದ ಲಾಭವೂ ಇದೆ. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಹೆಚ್ಚಿಸುತ್ತದೆ, ಐರನ್ ಆಕ್ಸೈಡ್ ಅದನ್ನೂ ಸ್ವಲ್ಪ ತಡೆಯುತ್ತದೆ.

ನಿಮಗೆ ಇಷ್ಟವಾಗದ ಮಾತು ಈಗ. ‘ಎಸ್‌ಪಿಎಫ್ 50 ಅಂತ ಲೇಬಲ್ ಹಾಕಿ ಇನ್‌ಸ್ಟಾದಲ್ಲಿ ಮಾರುತ್ತೇನೆ’ ಅಂದಿದ್ದೀರಿ. ಎಸ್‌ಪಿಎಫ್ ಅಂದರೆ ಬಿಸಿಲಿನಿಂದ ಎಷ್ಟು ರಕ್ಷಣೆ ಸಿಗುತ್ತದೆ ಅನ್ನುವ ಅಂಕಿ. ಹಾಕಬೇಡಿ. ಜಿಂಕ್ ಎಷ್ಟು ಪಾಲು ಅಂತ ನೋಡಿ ಎಸ್‌ಪಿಎಫ್ ಲೆಕ್ಕ ಹಾಕಲು ಬರುವುದಿಲ್ಲ. ಅದೇ 15 ಪಾಲು ಚೆನ್ನಾಗಿ ಹರಡಿದ್ದರೆ ಒಂದು ಅಂಕಿ, ಗಂಟಾಗಿದ್ದರೆ ಅದಕ್ಕಿಂತ ತೀರಾ ಕಡಿಮೆ. ಎಸ್‌ಪಿಎಫ್ ಅಳೆಯುವ ಅಂತರರಾಷ್ಟ್ರೀಯ ವಿಧಾನವಾದ ಐಎಸ್‌ಒ 24444 ಪರೀಕ್ಷೆಯಲ್ಲಿ ಮನುಷ್ಯರ ಬೆನ್ನಿನ ಮೇಲೆ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ, ಅತಿನೇರಳೆ ಬೆಳಕು ಬಿಟ್ಟು, ಚರ್ಮ ಕೆಂಪಾಗುವುದನ್ನು ನೋಡಿ ಅಳೆಯುತ್ತಾರೆ. ಆ ವರದಿ ಕೈಯಲ್ಲಿಲ್ಲದೆ ಬರೆದ ಅಂಕಿ ಬರೀ ಅಂದಾಜು. ಅದನ್ನು ನಂಬಿ ಯಾರೋ ಮಗುವನ್ನು ಮಧ್ಯಾಹ್ನದ ಬಿಸಿಲಿಗೆ ಬಿಡುತ್ತಾರೆ. ಕ್ಯಾರೆಟ್ ಬೀಜದ ಎಣ್ಣೆ, ರಾಸ್ಪ್‌ಬೆರಿ ಎಣ್ಣೆಯಿಂದ ಎಸ್‌ಪಿಎಫ್ ಬರುತ್ತದೆ ಅನ್ನುವುದನ್ನೂ ನಂಬಬೇಡಿ. ಮಾರುವುದಾದರೆ ಕಾಸ್ಮೆಟಿಕ್ಸ್ ರೂಲ್ಸ್ 2020ರ ಪ್ರಕಾರ ರಾಜ್ಯದ ಲೈಸೆನ್ಸ್ ಬೇಕು, ಅಡುಗೆಮನೆಗೆ ಅದು ಸಿಗುವುದಿಲ್ಲ. ಮನೆಯವರಿಗಷ್ಟೇ ಅಂತಾದರೆ ಅಂಗಡಿಯಿಂದ ಕೊಂಡು ತನ್ನಿ. ಸೋಪು ಮನೆಯಲ್ಲಿ ಮಾಡುವ ವಸ್ತು, ಸನ್‌ಸ್ಕ್ರೀನ್ ಅಲ್ಲ. ಅದು ಕೆಲಸ ಮಾಡದಿದ್ದರೆ ಹಚ್ಚಿಕೊಂಡವರಿಗೆ ಗೊತ್ತೇ ಆಗುವುದಿಲ್ಲ.

ಲೈಸೆನ್ಸ್ ತೆಗೆದುಕೊಂಡು ಮಾಡೇ ಮಾಡುತ್ತೇನೆ ಅಂದರೆ, ಮೊದಲ ಬ್ಯಾಚನ್ನು ಮಾರಬೇಡಿ. ಒಂದಷ್ಟು ಡಬ್ಬಿ 45 ಡಿಗ್ರಿ ಓವನ್ನಿನಲ್ಲಿ, ಒಂದಷ್ಟು ಫ್ರಿಜ್ಜಿನಲ್ಲಿ, ಒಂದಷ್ಟು ಹೊರಗೆ, ಮೂರು ತಿಂಗಳು ಇಡಿ. ಪ್ರತಿ ವಾರ ಸ್ಲೈಡ್ ಎಳೆದು ನೋಡಿ. ಪುಡಿ ತೂಗುವ ಪ್ರಸಂಗ ಬಂದರೆ ಫ್ಯಾನ್ ಆಫ್ ಮಾಡಿ, ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ. ಅಷ್ಟು ಸಣ್ಣ ಜಿಂಕ್ ಪುಡಿ ಉಸಿರಿನ ಜೊತೆ ಒಳಗೆ ಹೋಗಬಾರದು.